ತೂಕದ ಮಿಷನ್ನಿನೊಳಗಿನ ಲೆಕ್ಕ

ತಿ. ನರಸೀಪುರದಲ್ಲಿ ತರಕಾರಿ, ಕೋಳಿ, ಮೀನು ಮಾರುವವರ ತೂಕದ ಮಿಷನ್ ಕೆಟ್ಟರೆ ನನ್ನ ಅಂಗಡಿಗೆ ಬರುತ್ತದೆ. "ಅಣ್ಣ, ಆನ್ ಆಯ್ತದೆ, ಸೊನ್ನೆಗೆ ನಿಲ್ತಾ ಇಲ್ಲ ನೋಡಿ" ಎನ್ನುತ್ತಾರೆ. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರೆ ಹಸಿರು ಬೋರ್ಡು, ಅದರ ಮೇಲೆ ಒಂದೊಂದು ಬದಿಗೆ ಇಪ್ಪತ್ತರಂತೆ ನಲವತ್ತು ಕಾಲಿನ ಕರಿ ಚಿಪ್. ನನ್ನ ಕೈಗೆ ಬರುವ ಬಹಳಷ್ಟು ಮಿಷನ್‌ಗಳಲ್ಲಿ ಅದು 8051 ವಂಶದ್ದು. ಆ ವಂಶದ ಮೊದಲ ಚಿಪ್ಪನ್ನು ಇಂಟೆಲ್ ಹೊರತಂದದ್ದು 1980ರಲ್ಲಿ.

ಮೈಕ್ರೊಪ್ರೊಸೆಸರ್‌ಗಳ ಕಥೆಯನ್ನು ಓಟದ ಪಂದ್ಯದ ಹಾಗೆ ಹೇಳುವುದೇ ರೂಢಿ: ಹೊಸದು ಬಂತು, ಹಳೆಯದು ಹೋಯಿತು. ನಮ್ಮ ತಾಲ್ಲೂಕಿನಲ್ಲಿ ನಿಂತು ನೋಡಿದರೆ ಹಾಗೆ ಕಾಣುವುದಿಲ್ಲ. ಹಳೆಯವು ಎಲ್ಲಿಗೂ ಹೋಗಿಲ್ಲ, ಅಗ್ಗವಾಗಿ ಸಂತೆಗೆ ಬಂದಿವೆ.

ತಟ್ಟೆಯ ಮೇಲೆ ಒಂದು ಕಿಲೋ ಟೊಮೆಟೊ ಇಟ್ಟಿರಿ ಎನ್ನಿ. ತಟ್ಟೆಯ ಕೆಳಗಿರುವ ಲೋಡ್ ಸೆಲ್ ಎಂಬ ಲೋಹದ ತುಂಡು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳು ತಂತಿಪಟ್ಟಿಗಳು ಹಿಗ್ಗಿ ಕುಗ್ಗಿ ಅವುಗಳ ವಿದ್ಯುತ್ ರೋಧ ಬದಲಾಗುತ್ತದೆ, ಕೆಲವೇ ಮಿಲಿವೋಲ್ಟಿನ ವ್ಯತ್ಯಾಸ ಹುಟ್ಟುತ್ತದೆ. ಇನ್ನೊಂದು ಚಿಪ್ ಅದನ್ನು ಅಂಕಿಯಾಗಿಸಿ ಕೊಡುತ್ತದೆ. ಅಲ್ಲಿಂದ ಮುಂದೆ 8051ನ ಕೆಲಸ. ಖಾಲಿ ತಟ್ಟೆಯ ಅಂಕಿಯನ್ನು ಕಳೆಯಬೇಕು, ಗ್ರಾಂಗೆ ತಿರುಗಿಸಬೇಕು, ದರದಿಂದ ಗುಣಿಸಬೇಕು, ಉತ್ತರ ತೋರಿಸಬೇಕು. ತೋರಿಸುವುದರಲ್ಲೂ ಒಂದು ಜಾಣತನವಿದೆ: ಕೆಂಪು ಅಂಕಿಗಳೆಲ್ಲ ಒಟ್ಟಿಗೆ ಉರಿಯುವುದಿಲ್ಲ, ಒಂದಾದ ಮೇಲೊಂದು ಸರಸರನೆ ಹೊತ್ತಿ ಆರುತ್ತವೆ. ನಮ್ಮ ಕಣ್ಣಿಗೆ ಅದು ನಿಂತ ಬೆಳಕು. ಮೊಬೈಲ್ ಕ್ಯಾಮೆರಾ ಹಿಡಿದರೆ ಎಷ್ಟೋ ಸಲ ಮಿನುಗುವುದು ಕಾಣುತ್ತದೆ.

ಗಮನಿಸಿ, ಈ ಚಿಪ್ಪಿಗೆ ತೂಕ ಎಂದರೇನೆಂದು ಗೊತ್ತಿಲ್ಲ. ಕೂಡು, ಕಳೆ, ಹೋಲಿಸು, ಅಲ್ಲಿಂದ ತೆಗೆದು ಇಲ್ಲಿಡು, ಇಂಥವೇ ಅದಕ್ಕೆ ಬರುವ ಕೆಲಸ. ಯಾವುದರ ನಂತರ ಯಾವುದು ಎಂದು ಬರೆದಿಟ್ಟ ಪ್ರೋಗ್ರಾಂ ಅದನ್ನು ತೂಕದ ಮಿಷನ್ ಮಾಡುತ್ತದೆ. ಬೇರೆ ಪ್ರೋಗ್ರಾಂ ತುಂಬಿದರೆ ಅದೇ ಚಿಪ್ ಪಂಪ್‌ಸೆಟ್ಟಿನ ಆಟೊ ಸ್ಟಾರ್ಟರ್ ನಡೆಸುತ್ತದೆ.

ಮೈಕ್ರೊಪ್ರೊಸೆಸರ್ ಹುಟ್ಟಿದ್ದೇ ಈ ಉಪಾಯದಿಂದ. 1969ರಲ್ಲಿ ಜಪಾನಿನ ಬುಸಿಕಾಮ್ ಕಂಪನಿ ತನ್ನ ಕ್ಯಾಲ್ಕ್ಯುಲೇಟರ್‌ಗಳಿಗೆ ಚಿಪ್ ಮಾಡಿಕೊಡಿ ಎಂದು ಇಂಟೆಲ್‌ಗೆ ಬಂತು. ಅವರ ನಕ್ಷೆಯಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಚಿಪ್, ಹೀಗೆ ಹತ್ತಾರು. ಇಂಟೆಲ್‌ನ ಟೆಡ್ ಹಾಫ್ ಬೇರೆ ದಾರಿ ಹೇಳಿದರು: ಎಲ್ಲ ಲೆಕ್ಕಕ್ಕೂ ಒಂದೇ ಚಿಪ್ ಇರಲಿ, ಮಾದರಿ ಬದಲಾದರೆ ಪ್ರೋಗ್ರಾಂ ಬದಲಾಯಿಸೋಣ. ಅದನ್ನು ಸಿಲಿಕಾನ್ ಮೇಲೆ ನಿಜ ಮಾಡಿದವರು ಇಟಲಿಯಿಂದ ಬಂದಿದ್ದ ಫೆಡೆರಿಕೊ ಫ್ಯಾಜಿನ್. ಸ್ಟ್ಯಾನ್ ಮೇಜರ್ ಮತ್ತು ಬುಸಿಕಾಮ್‌ನ ಮಸಾತೊಶಿ ಶಿಮಾ ಜೊತೆಗಿದ್ದರು. 1971ರ ನವೆಂಬರ್‌ನಲ್ಲಿ 4004 ಮಾರುಕಟ್ಟೆಗೆ ಬಂತು. ಅದರಲ್ಲಿದ್ದ ಟ್ರಾನ್ಸಿಸ್ಟರ್‌ಗಳು ಸುಮಾರು 2,300.

ನನ್ನ ಪೀಳಿಗೆಯ ಡಿಪ್ಲೊಮಾದವರು ಕಲಿತದ್ದು 1976ರ 8085ರಲ್ಲಿ. ಟ್ರೇನರ್ ಕಿಟ್ಟಿಗೆ ಪರದೆ ಇರಲಿಲ್ಲ. ಕೆಲವು ಕೆಂಪು ಅಂಕಿ, ಕೆಳಗೆ ಕೀಲಿಮಣೆ. 3ಇ, 05, 06, 03, 80, 32, 50, 20, 76 ಎಂದು ಒಂದೊಂದೇ ಒತ್ತುತ್ತಿದ್ದೆವು. ಐದನ್ನು ಒಂದು ಕಡೆ ಇಡು, ಮೂರನ್ನು ಇನ್ನೊಂದು ಕಡೆ ಇಡು, ಕೂಡು, ಉತ್ತರವನ್ನು 2050ನೇ ಜಾಗದಲ್ಲಿಟ್ಟು ನಿಲ್ಲು ಎಂದು ಅದರ ಅರ್ಥ. ವಿಳಾಸವನ್ನು ಹಿಂದುಮುಂದಾಗಿ, ಮೊದಲು 50 ಆಮೇಲೆ 20 ಎಂದು ಕೊಡಬೇಕು. ಆ ಜಾಗ ತೆರೆದು 08 ಕಂಡಾಗ ಆದ ಸಂತೋಷ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ. 8085ಕ್ಕೆ ನೆನಪಿನ ಚಿಪ್‌ಗಳನ್ನು ಹೊರಗಿನಿಂದ ಕೂಡಿಸಬೇಕಿತ್ತು. 8051 ಅದನ್ನೆಲ್ಲ ಒಳಗೇ ಇಟ್ಟುಕೊಂಡಿತು: 4 ಕಿಲೋಬೈಟ್ ಪ್ರೋಗ್ರಾಂ ಜಾಗ, ಲೆಕ್ಕಕ್ಕೆ 128 ಬೈಟ್. ಅದಕ್ಕೇ ಅದು ಪುಟ್ಟ ಮಿಷನ್‌ಗಳಿಗೆ ಒಗ್ಗಿತು.

ದೊಡ್ಡ ಚಿಪ್‌ಗಳ ದಾರಿ ಬೇರೆಯಾಯಿತು. 1993ರ ಪೆಂಟಿಯಂನಲ್ಲಿ 31 ಲಕ್ಷ ಟ್ರಾನ್ಸಿಸ್ಟರ್. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲೆ ಚಿಪ್ ವಿನ್ಯಾಸ ನಮ್ಮ ರಾಜ್ಯದ ಕಸುಬೂ ಆಯಿತು. 2008ರಲ್ಲಿ ಇಂಟೆಲ್ ಹೊರತಂದ ಆರು ಕೋರ್‌ಗಳ ಜಿಯಾನ್ 7400 ವಿನ್ಯಾಸವಾದದ್ದು ಬೆಂಗಳೂರಿನಲ್ಲೇ. ಟ್ರಾನ್ಸಿಸ್ಟರ್‌ಗಳು 190 ಕೋಟಿ.

ಆದರೆ ಎಂಥ ಚಿಪ್ಪಾದರೂ ಬೋರ್ಡಿಲ್ಲದೆ ಕೆಲಸ ಮಾಡದು. ಅಂಥ ಬೋರ್ಡು ನಮ್ಮ ಪಕ್ಕದ ನಂಜನಗೂಡಿನಲ್ಲಿ ತಯಾರಾಗುತ್ತದೆ ಎಂಬುದು ಇಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿದ್ದ ಇಂಡಾಲ್ ಎಲೆಕ್ಟ್ರಾನಿಕ್ಸನ್ನು 1999ರಲ್ಲಿ ಆಸ್ಟ್ರಿಯಾದ ಎಟಿ ಅಂಡ್ ಎಸ್ ಕೊಂಡುಕೊಂಡಿತು. ಗಾಜಿನ ನಾರಿನ ಹಲಗೆಗೆ ತಾಮ್ರದ ಹಾಳೆ ಅಂಟಿಸಿ, ಕೂದಲೆಳೆಯಂಥ ತೂತು ಕೊರೆದು, ತೂತಿನೊಳಗೂ ತಾಮ್ರ ಲೇಪಿಸಿ, ಬೇಡದ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸುತ್ತಾರೆ. ಉಳಿದದ್ದೇ ದಾರಿ. ಮಲೇಷ್ಯಾದ ಕುಲಿಮ್‌ನಲ್ಲಿ ಅದೇ ಕಂಪನಿ, ದೊಡ್ಡ ಪ್ರೊಸೆಸರ್‌ಗಳು ಕೂರುವ ಸೂಕ್ಷ್ಮ ತಳಹಲಗೆಯನ್ನೂ ಮಾಡುತ್ತದೆ. ನಂಜನಗೂಡು ಎಂದರೆ ರಸಬಾಳೆ, ಹಲ್ಲುಪುಡಿ ಎನ್ನುವವರು ಇದನ್ನೂ ಸೇರಿಸಿಕೊಳ್ಳಲಿ ಎಂದು ನನಗೆ ಆಸೆ.

ಮಿಷನ್ ಕೆಡುವುದು ಹೆಚ್ಚಾಗಿ ಬ್ಯಾಟರಿಯಿಂದ, ಮೀನಿನ ನೀರಿಗೆ ಕಿಲುಬು ಹಿಡಿದ ಬೋರ್ಡಿನಿಂದ. ಚಿಪ್ಪೇ ಕೆಡುವುದು ಅಪರೂಪ. ಕೆಟ್ಟರೆ ಮಾತ್ರ ಕಷ್ಟ. ಅದೇ ನಂಬರಿನ ಹೊಸ ಚಿಪ್ ಮೈಸೂರಿನಲ್ಲಿ ನೂರು ರೂಪಾಯಿ ಆಸುಪಾಸಿಗೆ ಸಿಗುತ್ತದೆ, ಆದರೆ ಅದು ಖಾಲಿ. ಪ್ರೋಗ್ರಾಂ ತಯಾರಕರ ಬಳಿಯೇ ಇರುತ್ತದೆ, ಹಳೆಯ ಚಿಪ್ಪಿನಿಂದ ಓದಿಕೊಳ್ಳದಂತೆ ಬೀಗ ಹಾಕಿರುತ್ತಾರೆ. ಹಾಗಾಗಿ ಬಡ ವ್ಯಾಪಾರಿ ಇಡೀ ಬೋರ್ಡಿಗೇ ಹಣ ಸುರಿಯಬೇಕು. ತೂಕದಲ್ಲಿ ಮೋಸವಾಗಬಾರದೆಂಬ ಕಾಳಜಿ ನನಗೂ ಇದೆ, ರಿಪೇರಿಯ ನಂತರ ತೂಕ ಪರೀಕ್ಷೆ ಮಾಡಿಸಿ ಮತ್ತೆ ಸರ್ಕಾರಿ ಮುದ್ರೆ ಹಾಕಿಸಲೇಬೇಕೆಂಬ ನಿಯಮವೂ ಸರಿಯೇ. ಆದರೆ ಪರವಾನಗಿ ಇರುವ ರಿಪೇರಿಯವರಿಗಾದರೂ ಪ್ರೋಗ್ರಾಂ ತುಂಬಿದ ಚಿಪ್ಪನ್ನು ತಯಾರಕರು ಬಿಡಿಯಾಗಿ ಮಾರಬೇಕು.