ಮರದ ವಯಸ್ಸೋ, ಕೆತ್ತನೆಯ ವಯಸ್ಸೋ?

ದಕ್ಷಿಣ ಪೆಸಿಫಿಕ್ ಸಾಗರದಲ್ಲಿ ರುರುಟು ಎಂಬ ಪುಟ್ಟ ದ್ವೀಪವಿದೆ. ಅಲ್ಲಿನ ಜನ ಪೂಜಿಸುತ್ತಿದ್ದ ‘ಆ-ಆ’ ಎಂಬ ಮರದ ವಿಗ್ರಹ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಎತ್ತರ 117 ಸೆಂಟಿಮೀಟರ್. ಮುಖದ ಮೇಲೂ ಮೈಮೇಲೂ ಒಟ್ಟು 30 ಪುಟ್ಟ ಆಕೃತಿಗಳಿವೆ. ಕಣ್ಣು, ಮೂಗು, ಬಾಯಿಗಳೂ ಅವುಗಳಿಂದಲೇ ರೂಪುಗೊಂಡಿವೆ. 1821ರಲ್ಲಿ ದ್ವೀಪದವರು ಇದನ್ನು ಕ್ರೈಸ್ತ ಪಾದ್ರಿಗಳಿಗೆ ಒಪ್ಪಿಸಿದರು. ಆದ್ದರಿಂದ ವಿಗ್ರಹ 1821ಕ್ಕಿಂತ ಹಳೆಯದು ಎಂಬುದು ಖಚಿತ. ಆದರೆ ಎಷ್ಟು ಹಳೆಯದು?

ಇದಕ್ಕೆ ಕಾರ್ಬನ್-14 ವಿಧಾನ ನೆರವಾಗುತ್ತದೆ. ಮರವು ದ್ಯುತಿಸಂಶ್ಲೇಷಣೆಯ ಮೂಲಕ ಗಾಳಿಯಿಂದ ಕಾರ್ಬನ್ ಪಡೆಯುತ್ತದೆ. ಅದರಲ್ಲಿ ವಿಕಿರಣಶೀಲ ಕಾರ್ಬನ್-14 ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಮರದ ಯಾವುದೇ ಪದರ ಬೆಳೆದು ಮುಗಿದ ಮೇಲೆ ಅದಕ್ಕೆ ಹೊಸ ಕಾರ್ಬನ್ ಸೇರುವುದಿಲ್ಲ. ಇದ್ದದ್ದು ಕ್ಷಯಿಸುತ್ತ ಹೋಗುತ್ತದೆ. ಸುಮಾರು 5,730 ವರ್ಷಗಳಲ್ಲಿ ಅರ್ಧದಷ್ಟು ಉಳಿಯುತ್ತದೆ. ಕೆಲವು ಮಿಲಿಗ್ರಾಂ ಮರವಿದ್ದರೂ ಉಳಿದ ಅಂಶವನ್ನು ಅಳೆಯಬಹುದು.

ಪರೀಕ್ಷೆಗಳ ಪ್ರಕಾರ ‘ಆ-ಆ’ ವಿಗ್ರಹದ ಮರ 1650ಕ್ಕಿಂತ ಹಿಂದಿನದು. ಅದು ನಮ್ಮ ಶ್ರೀಗಂಧದ ಕುಲಕ್ಕೆ ಸೇರಿದ ಮರವೆಂದೂ ತಿಳಿದುಬಂದಿದೆ.

ಹಾಗಾದರೆ ಕೆತ್ತನೆಯೂ ಅಷ್ಟೇ ಹಳೆಯದೇ? ಇಲ್ಲಿ ಎಚ್ಚರ ಬೇಕು. ಕಾರ್ಬನ್-14 ಹೇಳುವುದು ಆ ಪದರ ಬೆಳೆದ ಕಾಲವನ್ನು ಮಾತ್ರ. ಉಳಿ ತಾಗಿದ ಕಾಲವನ್ನಲ್ಲ. ಮರದ ನಡುವಿನ ಚೇಗು ಹೊರಪದರಕ್ಕಿಂತ ಹಳೆಯದು. ಹಳೆಯ ಮನೆಯ ತೊಲೆಯಿಂದ ಇಂದು ಗೊಂಬೆ ಕೆತ್ತಿದರೆ ಪರೀಕ್ಷೆ ತೊಲೆಯ ವಯಸ್ಸನ್ನೇ ಹೇಳುತ್ತದೆ. ಇನ್ನೊಂದು ತೊಡಕೂ ಇದೆ. ಗಾಳಿಯಲ್ಲಿನ ಕಾರ್ಬನ್-14 ಪ್ರಮಾಣ ಎಲ್ಲ ಕಾಲದಲ್ಲೂ ಒಂದೇ ಆಗಿರಲಿಲ್ಲ. 1650ರಿಂದೀಚಿನ ವಸ್ತುಗಳಲ್ಲಿ ಒಂದೇ ಅಳತೆ ಹಲವು ಕಾಲಗಳಿಗೆ ಹೊಂದಬಹುದು.

ಆದ್ದರಿಂದ ಹೋಲಿಕೆ ಅಗತ್ಯ. 1767ರಲ್ಲಿ ಯೂರೋಪಿನ ಹಡಗು ಟಹೀಟಿ ತಲುಪಿದ ಮೇಲೆ ಈ ಭಾಗದಲ್ಲಿ ಕಬ್ಬಿಣ ಹರಡಿತು. ಅದಕ್ಕೂ ಮೊದಲು ಕಲ್ಲು, ಚಿಪ್ಪು, ಹಲ್ಲುಗಳೇ ಕೆತ್ತನೆಯ ಉಪಕರಣಗಳು. ಉಪಕರಣದ ಗುರುತು, ಮರದ ಜಾತಿ, ಸಂಗ್ರಹವಾದ ವರ್ಷ, ಶೈಲಿ ಇವೆಲ್ಲವನ್ನೂ ಒಟ್ಟಿಗೆ ನೋಡಬೇಕು. ಶೈಲಿಯೊಂದನ್ನೇ ನಂಬುವಂತಿಲ್ಲ, ಮಾರ್ಕೇಸಸ್ ದ್ವೀಪಗಳ ದೊಡ್ಡ ದುಂಡು ಕಣ್ಣಿನ ವಿಗ್ರಹಕ್ಕೂ ‘ಆ-ಆ’ಗೂ ಇರುವ ವ್ಯತ್ಯಾಸ ಕಾಲದ್ದಲ್ಲ, ದ್ವೀಪದ್ದಾಗಿರಬಹುದು.

ಮತಾಂತರದ ಕಾಲದಲ್ಲಿ ಪಾಲಿನೇಷ್ಯದ ಅನೇಕ ವಿಗ್ರಹಗಳು ಬೆಂಕಿಗೆ ಆಹುತಿಯಾದವು. ಹೋಲಿಸಲು ಉಳಿದಿರುವುದು ಕೆಲವೇ. ಹಾಗಾಗಿ ಒಂದು ಸಂಖ್ಯೆ ಸಿಕ್ಕಾಗ ಮೊದಲು ಕೇಳಬೇಕಾದ ಪ್ರಶ್ನೆ: ಇದು ಯಾವುದರ ವಯಸ್ಸು?