ಹಲವು ಹೆಸರಿನ ಗಾಳಿಕುದುರೆ

ಸಹಸ್ರನಾಮವು ದೇವರಿಗೆ ಭೂಷಣ. ಸರಕು ಹೊರುವ ಮೋಟಾರಿಗೂ ನಾಲ್ಕಾರು ಹೆಸರುಗಳು ಬೇಕಾಗುವುದುಂಟೆಂಬುದಕ್ಕೆ ಚೀನಾದ ಗ್ರೇಟ್ ವಾಲ್ ಕಂಪನಿಯ ಪಿಕಪ್ ವಾಹನಗಳೇ ಸಾಕ್ಷಿ. 2006ರಲ್ಲಿ ಹೊರಬಂದ ಅದರ ಮಧ್ಯಮ ಗಾತ್ರದ ಪಿಕಪ್ಪಿಗೆ ತವರಿನಲ್ಲಿಟ್ಟ ಹೆಸರು ಫೆಂಗ್‌ಜುನ್. ಫೆಂಗ್ ಎಂದರೆ ಗಾಳಿ, ಜುನ್ ಎಂದರೆ ಜಾತಿಕುದುರೆ. ಪರದೇಶಕ್ಕೆ ಹೊರಟಾಗ ಅದು ವಿಂಗಲ್ ಆಯಿತು. ಬ್ರಿಟನ್ ಮತ್ತು ದಕ್ಷಿಣ ಆಫ್ರಿಕಗಳಲ್ಲಿ ಸ್ಟೀಡ್ ಎನಿಸಿಕೊಂಡು ಕುದುರೆಯಾಗಿಯೇ ಉಳಿಯಿತು. ಆಸ್ಟ್ರೇಲಿಯದಲ್ಲಿ ಮಾತ್ರ ಕೈದಿಯ ನಂಬರಿನಂತೆ ವಿ 240 ಎಂದಷ್ಟೇ ಕರೆಸಿಕೊಂಡಿತು. 2019ರಲ್ಲಿ ಹುಟ್ಟಿದ ಅದರ ತಮ್ಮನಿಗೆ ಚೀನಾದಲ್ಲಿ ಪಾವ್, ಅಂದರೆ ತೋಪು, ಎಂದು ಹೆಸರು. ಆಸ್ಟ್ರೇಲಿಯದಲ್ಲಿ ಅದೇ ಅರ್ಥದ ಕ್ಯಾನನ್, ಚಿಲಿಯಲ್ಲಿ ಪೋಯರ್, ದಕ್ಷಿಣ ಆಫ್ರಿಕದಲ್ಲಿ ಪಿ ಸೀರೀಸ್. ತೊಟ್ಟಿಲಲ್ಲಿಟ್ಟ ಹೆಸರೊಂದು, ಶಾಲೆಯಲ್ಲಿ ಬರೆಸಿದ್ದೊಂದು, ಮುಂಬಯಿಯ ಆಫೀಸಿನಲ್ಲಿ ಕರೆಯುವುದು ಮತ್ತೊಂದಾದ ನಮ್ಮವರಿಗೆ ಇದೇನೂ ಸೋಜಿಗವಲ್ಲ.

ಪಿಕಪ್ ಎಂದರೇನೆಂದು ವಾಚಕರಿಗೆ ವಿವರಿಸಬೇಕಾಗಿಲ್ಲ. ಬೆಳಗಿನ ಜಾವ ಮಂಡಿಗೆ ಟೊಮೆಟೊ ತರುವ, ಬಾಡಿಗೆ ಮನೆ ಬದಲಿಸುವಾಗ ನಮ್ಮ ಕಪಾಟು ಹಾಸಿಗೆಗಳನ್ನು ಹೊರುವ ವಾಹನವನ್ನು ನಾವೆಲ್ಲರೂ ಕಂಡವರೇ. ಇಲ್ಲಿ ಹೇಳುತ್ತಿರುವುದು ಅದರಲ್ಲಿಯೇ ಕೊಂಚ ಸುಖವಾಸಿ ಜಾತಿ. ಏಣಿಯಾಕಾರದ ಉಕ್ಕಿನ ಚಾಸಿಯ ಮೇಲೆ, ಮುಂದೆ ಎರಡು ಸಾಲು ಆಸನ, ಹಿಂದೆ ತೆರೆದ ತೊಟ್ಟಿ. ಆಸ್ಟ್ರೇಲಿಯಕ್ಕೆ ಮೊದಲು ಬಂದ ಕ್ಯಾನನ್ನಿಗೆ 2 ಲೀಟರಿನ ಡೀಸೆಲ್ ಎಂಜಿನ್ನು, ತಾನಾಗಿ ಬದಲಾಗುವ 8 ಗೇರುಗಳು ಇದ್ದವು. ಸುಮಾರು 1 ಟನ್ ಹೊರುತ್ತಿತ್ತು, 3 ಟನ್ನಿನ ಟ್ರೇಲರನ್ನು ಎಳೆಯುತ್ತಿತ್ತು. ವಾರವಿಡೀ ಕೂಲಿ, ಭಾನುವಾರ ಮಕ್ಕಳೊಡನೆ ಕಡಲತೀರ. ಅಲ್ಲಿನ ಸಂಸಾರಗಳು ಇಂಥದನ್ನು ಬಯಸುವುದು ಹೀಗೆ ಎರಡೂ ಕೆಲಸಕ್ಕೆ ಒದಗುವುದೆಂದೇ.

ಕಂಪನಿಯ ಮೂಲ ಹೆಬೆಯ್ ಪ್ರಾಂತದ ಬಾವೋಡಿಂಗ್ ಎಂಬ ಊರು. 1984ರಲ್ಲಿ ಸ್ಥಾಪನೆ. 1990ರಲ್ಲಿ ವೆಯ್ ಜಿಯಾನ್‌ಜುನ್ ಎಂಬವರು ಅದರ ಚುಕ್ಕಾಣಿ ಹಿಡಿದಾಗ ಅವರಿಗೆ ಇಪ್ಪತ್ತಾರರ ಹರೆಯ. ಡೀರ್ ಎಂಬ ಮೊದಲ ಪಿಕಪ್ 1996ರಲ್ಲಿ ಬಂದಿತು. ಎರಡೇ ವರ್ಷಗಳಲ್ಲಿ ಪಿಕಪ್ ಮಾರಾಟದಲ್ಲಿ ಕಂಪನಿಯು ಚೀನಾಕ್ಕೇ ಮೊದಲಿಗನಾಯಿತು. ಆದರೆ ಆ ದೇಶದಲ್ಲಿ ಪಿಕಪ್ಪನ್ನು ಲಾರಿಯ ಲೆಕ್ಕಕ್ಕೆ ಹಿಡಿಯುತ್ತಾರೆ. ಅನೇಕ ನಗರಗಳೊಳಗೆ ಅದಕ್ಕೆ ಪ್ರವೇಶವಿರಲಿಲ್ಲ. 2016ರಿಂದೀಚೆಗೆ ಪ್ರಾಂತ ಪ್ರಾಂತವಾಗಿ ಆ ಕಟ್ಟು ಸಡಿಲಾಗುತ್ತ ಬಂದಿದೆ. ಮನೆಯಲ್ಲಿ ಜಾಗ ಸಾಲದ ಮಗ ಪರಊರಿಗೆ ಹೊರಡುವಂತೆ, ಗಾಳಿಕುದುರೆಯೂ ಹಡಗು ಹತ್ತಿತೆನ್ನಬಹುದು.

ಪರಊರಿನ ಬಾಳು ಹೂವಿನ ಹಾಸಿಗೆಯಾಗಲಿಲ್ಲ. 2009ರಲ್ಲಿ ಆಸ್ಟ್ರೇಲಿಯದ ಮಾರುಕಟ್ಟೆಗೆ ಕಾಲಿಟ್ಟಾಗ ಅದರ ಬಲವೆಲ್ಲ ಅಗ್ಗದ ಬೆಲೆಯಲ್ಲಿತ್ತು. ಅಲ್ಲಿ ಆನ್‌ಕ್ಯಾಪ್ ಎಂಬ ಸಂಸ್ಥೆಯವರು ಹೊಸ ವಾಹನಗಳನ್ನು ಬೇಕೆಂದೇ ಢಿಕ್ಕಿ ಹೊಡೆಸಿ, ಒಳಗಿರುವವರ ಪ್ರಾಣ ಎಷ್ಟು ಭದ್ರವೆಂದು ಅಳೆದು ನಕ್ಷತ್ರಗಳನ್ನು ಕೊಡುತ್ತಾರೆ. ಅದೇ ವರ್ಷ ವಿ 240ಕ್ಕೆ ಐದರಲ್ಲಿ ಎರಡೇ ನಕ್ಷತ್ರ ಬಂದವು. 2012ರಲ್ಲಿ ಅದಕ್ಕಿಂತಲೂ ದೊಡ್ಡ ಪೆಟ್ಟು ಬಿತ್ತು. ಎಂಜಿನ್ ಮತ್ತು ಹೊಗೆಕೊಳವೆಯ ಗ್ಯಾಸ್ಕೆಟ್ಟುಗಳಲ್ಲಿ ಆಸ್ಬೆಸ್ಟಾಸ್ ಕಂಡುಬಂದು, ಗ್ರೇಟ್ ವಾಲ್ ಮತ್ತು ಚೆರಿ ಎಂಬ ಎರಡು ಚೀನೀ ಕಂಪನಿಗಳ ಸುಮಾರು 23,000 ವಾಹನಗಳಿಗೆ ಸಂಬಂಧಿಸಿ ಎಚ್ಚರಿಕೆ ಹೊರಟಿತು. ಆಸ್ಬೆಸ್ಟಾಸ್ ಬಳಕೆಗೆ ಆ ದೇಶದಲ್ಲಿ 2003ರ ಕೊನೆಯಿಂದಲೇ ನಿಷೇಧವಿದ್ದಿತು. ವಾಹನ ನಡೆಸುವವರಿಗೆ ಅಪಾಯವಿಲ್ಲ, ಗ್ಯಾಸ್ಕೆಟ್ ಬಿಚ್ಚುವ ಮೆಕ್ಯಾನಿಕನು ಜಾಗರೂಕನಾಗಿರಲಿ ಎಂದು ಅಧಿಕಾರಿಗಳು ಸಾರಿದರು. ನಮ್ಮನ್ನು ಬಹಳ ಕಾಡಿದ್ದು ಇದೇ ಮಾತು. ಅಗ್ಗವಾಗಿ ಕೊಂಡವನೊಬ್ಬ, ಅದರ ಧೂಳು ಕುಡಿಯಬೇಕಾದವನು ಮತ್ತೊಬ್ಬ!

2016ರಲ್ಲಿ ಸ್ಟೀಡ್ ಹೆಸರಿನಿಂದ ಮರಳಿ ಪರೀಕ್ಷೆಗೆ ನಿಂತಾಗಲೂ ಎರಡೇ ನಕ್ಷತ್ರ. ಹೆಸರು ಬದಲಿಸಿದ ಮಾತ್ರಕ್ಕೆ ಅಂಕ ಹೆಚ್ಚುವುದುಂಟೆ? ಕಂಪನಿಯು ಆಮೇಲೆ ವಾಹನವನ್ನೇ ಬದಲಿಸಿತು. ಹೊಸ ಪಿಕಪ್ಪಿನಲ್ಲಿ ಏಳು ಗಾಳಿಚೀಲಗಳು. ಮುಂದಿನ ಆಸನದ ಇಬ್ಬರ ತಲೆ ಒಂದಕ್ಕೊಂದು ಬಡಿಯದಂತೆ ನಡುವೆಯೂ ಒಂದು. 2021ರಲ್ಲಿ ಅದಕ್ಕೆ ಐದಕ್ಕೆ ಐದು ನಕ್ಷತ್ರಗಳು ದೊರೆತವು. ಜೊತೆಗೆ ಏಳು ವರ್ಷಗಳ ಗ್ಯಾರಂಟಿ. ಚೀನೀ ಮಾಲು ಎಂದೊಡನೆ ಮೂಗು ಮುರಿಯುವವರು ಈ ಎರಡು ಫಲಿತಾಂಶಗಳನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಚೀನೀ ಮಾಲನ್ನು ಹೊಗಳುವವರೂ ನೋಡಬೇಕು.

ಯುರೋಪಿನಲ್ಲಿ ಬಲ್ಗೇರಿಯದ ಲೋವೆಚ್ ಪಟ್ಟಣದ ಬಳಿ ಸ್ಥಳೀಯ ಪಾಲುದಾರರೊಡನೆ ಸ್ಟೀಡಿನ ಜೋಡಣೆ ನಡೆಯಿತು. ಕೆಲವೇ ವರ್ಷಗಳಲ್ಲಿ ಅದು ನಿಂತೂಹೋಯಿತು.

ನಕ್ಷತ್ರ ದೊರೆತ ಮೇಲೂ ಈ ಕುದುರೆ ಬಾರದೆ ಉಳಿದ ದೇಶ ನಮ್ಮದು. ಈ ಕಥೆ ಪುಣೆಯ ವಾಚಕರಿಗೆ ತೀರ ಹತ್ತಿರದ್ದು. ತಳೇಗಾಂವಿನಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಕಾರಖಾನೆ ಇತ್ತು. 2017ರಲ್ಲಿ ಅದು ಇಲ್ಲಿನ ಮಾರಾಟ ನಿಲ್ಲಿಸಿ, ಕೇವಲ ರಫ್ತಿಗಾಗಿ ಕಾರು ತಯಾರಿಸುತ್ತಿತ್ತು. 2020ರ ಜನವರಿಯಲ್ಲಿ ಗ್ರೇಟ್ ವಾಲ್ ಆ ಕಾರಖಾನೆಯನ್ನು ಕೊಳ್ಳಲು ಒಪ್ಪಿತು. ಥಾಯ್ಲೆಂಡಿನ ರಯೋಂಗಿನಲ್ಲಿದ್ದ ಜನರಲ್ ಮೋಟರ್ಸಿನ ಮತ್ತೊಂದು ಕಾರಖಾನೆಗೂ ಅದೇ ವರ್ಷ ಮಾತುಕತೆಯಾಗಿ, ಅದು ವರ್ಷ ಮುಗಿಯುವುದರೊಳಗೆ ಕೈಬದಲಾಯಿತು. ತಳೇಗಾಂವಿನದು ಹಾಗಾಗಲಿಲ್ಲ. ನೆಲದ ಗಡಿ ಹಂಚಿಕೊಂಡ ದೇಶಗಳ ಬಂಡವಾಳಕ್ಕೆ ಸರಕಾರದ ಒಪ್ಪಿಗೆ ಕಡ್ಡಾಯವೆಂದು ಏಪ್ರಿಲಿನಲ್ಲಿ ನಿಯಮ ಬಂದಿತು. ಜೂನಿನಲ್ಲಿ ಗಲ್ವಾನ್ ಕಣಿವೆಯ ಘರ್ಷಣೆಯಲ್ಲಿ ನಮ್ಮ 20 ಯೋಧರು ಮಡಿದರು. ಆ ಮೇಲೆ ಒಪ್ಪಿಗೆ ಬರಲೇ ಇಲ್ಲ. ಆ ರಕ್ತದ ಮುಂದೆ ವ್ಯಾಪಾರದ ಮಾತೆತ್ತುವುದು ಯಾರಿಗೂ ಸುಲಭವಾಗಿರಲಿಲ್ಲವೆಂಬುದನ್ನು ನಾವು ಬಲ್ಲೆವು. ಆದರೆ 2020ರ ಡಿಸೆಂಬರಿನಲ್ಲಿ ತಯಾರಿಕೆ ನಿಂತಾಗ, ಸಾವಿರಕ್ಕೂ ಮಿಕ್ಕಿ ಕಾರ್ಮಿಕರ ಮನೆಯ ಒಲೆಯ ಪ್ರಶ್ನೆಯೂ ಅಲ್ಲಿತ್ತು. ಬೆಳಗಾವಿ, ವಿಜಯಪುರಗಳಿಂದ ದುಡಿಮೆಗೆಂದು ಪುಣೆಗೆ ಬಂದ ಸಂಸಾರಗಳಿಗೆ ಕಾರಖಾನೆಯ ಗೇಟು ಮುಚ್ಚುವುದೆಂದರೇನೆಂದು ಹೊರಗಿನವರು ಹೇಳಬೇಕಾದುದಿಲ್ಲ.

2022ರ ಜೂನ್ ಕೊನೆಗೆ ಒಪ್ಪಂದದ ಅವಧಿ ಮುಗಿದುಹೋಯಿತು. 2023ರ ಆಗಸ್ಟಿನಲ್ಲಿ ಕೊರಿಯದ ಹುಂಡೈ ಕಂಪನಿಯು ಅದೇ ಕಾರಖಾನೆಯನ್ನು ಕೊಳ್ಳುವ ಪತ್ರಕ್ಕೆ ಸಹಿ ಹಾಕಿತು.