ಮಾಸ್ಕೋದ ಕಸ, ಉರ್ದೊಮಾದ ದಾವೆ: ರಷ್ಯಾದ ಒಂದು ಹಳ್ಳಿಗಾಡು ರಯೋನ್ ನಡೆಯೋದು ಹೇಗೆ?

ರಷ್ಯಾ ಅಂದ್ರೆ ನಮ್ಮ ಸುದ್ದಿಗಳಲ್ಲಿ ಕ್ರೆಮ್ಲಿನ್, ಪುಟಿನ್, ಉಕ್ರೇನ್ ಯುದ್ಧ. ಅಷ್ಟೇ. ಅಲ್ಲಿನ ಹಳ್ಳಿಗಳಲ್ಲಿ ಬೀದಿದೀಪ ಹಾಕಿಸೋದು ಯಾರು, ಸ್ಮಶಾನ ನೋಡಿಕೊಳ್ಳೋದು ಯಾರು ಅಂತ ಕೇಳುವವರೇ ಕಡಿಮೆ. ಆದರೆ ಮಾಸ್ಕೋದ ಕಸವನ್ನು ಉತ್ತರದ ಕಾಡಿಗೆ ಸಾಗಿಸುವ ಭಾರೀ ಯೋಜನೆಯೊಂದನ್ನು ಕೋರ್ಟಿಗೆ ಎಳೆದದ್ದು ಇದೇ ಬೀದಿದೀಪದ ಮಟ್ಟದ ಆಡಳಿತ. ಆ ಮಟ್ಟವನ್ನೇ ತೆಗೆದುಹಾಕುವ ಕೆಲಸ ಈಗ ರಷ್ಯಾದಲ್ಲಿ ನಡೀತಿದೆ. ಹಾಗಾಗಿ ಈ ಕತೆ ತಿಳಿದುಕೊಳ್ಳಬೇಕು.

ಮೊದಲು ಜಾಗ ನೋಡೋಣ. ಹೆಸರು ಲೆನ್‌ಸ್ಕಿ ರಯೋನ್. ಹೆಸರು ಕೇಳಿ ಸೈಬೀರಿಯಾದ ಲೇನಾ ನದಿಯ ದಡ ಅಂದುಕೊಳ್ಳಬೇಡಿ; ಇದು ಇರೋದು ಯುರೋಪಿನ ಕಡೆಯ ರಷ್ಯಾದಲ್ಲಿ, ಅರ್ಖಾಂಗೆಲ್ಸ್ಕ್ ಒಬ್ಲಾಸ್ಟ್‌ನ ಆಗ್ನೇಯ ಮೂಲೆಯಲ್ಲಿ. ಪಕ್ಕದಲ್ಲೇ ಕೋಮಿ ಗಣರಾಜ್ಯದ ಗಡಿ. ವಿಸ್ತೀರ್ಣ 10 ಸಾವಿರ ಚದರ ಕಿಲೋಮೀಟರ್‌ಗೂ ಹೆಚ್ಚು, ಅಂದ್ರೆ ಹೆಚ್ಚುಕಮ್ಮಿ ನಮ್ಮ ಉತ್ತರ ಕನ್ನಡ ಜಿಲ್ಲೆಯಷ್ಟು. ಜನ? ಸುಮಾರು 12 ಸಾವಿರ. ಉಳಿದದ್ದೆಲ್ಲ ಪೈನ್, ಸ್ಪ್ರೂಸ್ ಕಾಡು ಮತ್ತು ಜೌಗು. ನಡುವೆ ಹರಿಯೋ ವಿಚೆಗ್ಡಾ ನದಿ ಮುಂದೆ ಕೊಟ್ಲಾಸ್ ಹತ್ತಿರ ಉತ್ತರ ದ್ವಿನಾಕ್ಕೆ ಸೇರಿ, ಅರ್ಖಾಂಗೆಲ್ಸ್ಕ್ ನಗರ ದಾಟಿ ಶ್ವೇತ ಸಮುದ್ರ ಮುಟ್ಟುತ್ತೆ. ಈ ನೀರಿನ ದಾರಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆಡಳಿತ ಕೇಂದ್ರ ಯಾರೆನ್ಸ್ಕ್, ನದಿ ಕಡೆಯ ಹಳೇ ಊರು. ಇನ್ನೊಂದು ಮುಖ್ಯ ಊರು ಉರ್ದೊಮಾ. ಅದು ರೈಲು ಹಳಿ, ಮರದ ಕೆಲಸ ಮತ್ತು ಗ್ಯಾಸ್ ಕೊಳವೆಮಾರ್ಗದ ಕಂಪ್ರೆಸರ್ ಸ್ಟೇಷನ್ ನಂಬಿ ಬೆಳೆದದ್ದು. ಜನಸಂಖ್ಯೆ ಸುಮಾರು ನಾಲ್ಕು ಸಾವಿರ.

ಮಾಸ್ಕೋ ತನಗೆ ಬೇಡವಾದದ್ದನ್ನು ಈ ಕಡೆ ಕಳಿಸೋದು ಹೊಸದೇನಲ್ಲ. 17ನೇ ಶತಮಾನದ ಕೊನೆಯಲ್ಲಿ ಅಧಿಕಾರ ಕಳೆದುಕೊಂಡ ರಾಜಕುಮಾರ ವಾಸಿಲಿ ಗೊಲಿತ್ಸಿನ್‌ನನ್ನು ಗಡೀಪಾರು ಮಾಡಿದ ಜಾಗಗಳಲ್ಲಿ ಯಾರೆನ್ಸ್ಕ್ ಕೂಡ ಒಂದು. 1930ರ ದಶಕದಲ್ಲಿ 'ಕುಲಕ್' ಹಣೆಪಟ್ಟಿ ಹಚ್ಚಿಸಿಕೊಂಡ ರೈತ ಕುಟುಂಬಗಳನ್ನು ರೈಲು ತುಂಬಿಸಿ ಈ ಉತ್ತರದ ಕಾಡುಗಳಿಗೆ ತಂದು ಸುರಿದರು. ಕೊಟ್ಲಾಸ್‌ನಿಂದ ವೊರ್ಕುತಾಕ್ಕೆ ಹೋಗುವ ರೈಲುಮಾರ್ಗ ಕಟ್ಟಿದ್ದು ಗುಲಾಗ್ ಕೈದಿಗಳು. ಉರ್ದೊಮಾ ಇರೋದು ಆ ಹಳಿಯ ಮೇಲೇ. ಅದೇ ಹಳಿಯಲ್ಲಿ ಕೋಮಿ ಗಡಿ ಹತ್ತಿರ ಬರೋ ಸಣ್ಣ ನಿಲ್ದಾಣ ಶಿಯೆಸ್.

2018ರ ಬೇಸಿಗೆಯಲ್ಲಿ ಬೇಟೆಗೆ ಹೋದ ಸ್ಥಳೀಯರಿಗೆ ಶಿಯೆಸ್ ಹತ್ತಿರ ಕಾಡು ಕಡಿದು ಯಂತ್ರಗಳು ಕೆಲಸ ಮಾಡ್ತಿರೋದು ಕಾಣಿಸ್ತು. ವಿಚಾರಿಸಿದರೆ ವಿಷಯ ಹೊರಗೆ ಬಂತು: ಸುಮಾರು 1,200 ಕಿ.ಮೀ. ದೂರದ ಮಾಸ್ಕೋದಿಂದ ವರ್ಷಕ್ಕೆ 5 ಲಕ್ಷ ಟನ್ ಕಸ, 20 ವರ್ಷ, ರೈಲಿನಲ್ಲಿ. ಹೆಸರು ಮಾತ್ರ ಚಂದ: 'ಇಕೋ ಟೆಕ್ನೋಪಾರ್ಕ್'. ಕಸ ಬಂದು ಬೀಳುವ ಊರಿನವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಮಾಸ್ಕೋಗೂ ಅದರದ್ದೇ ಅವಸರ ಇತ್ತು ಅನ್ನಿ. 2017ರಲ್ಲಿ ಬಾಲಾಶಿಖಾದ ದೊಡ್ಡ ಕಸದ ಗುಡ್ಡ ಮುಚ್ಚಿತ್ತು. 2018ರ ಮಾರ್ಚ್‌ನಲ್ಲಿ ವೊಲೊಕೊಲಾಮ್ಸ್ಕ್‌ನಲ್ಲಿ ಕಸದ ಗುಡ್ಡದಿಂದ ಎದ್ದ ಅನಿಲಕ್ಕೆ ಹತ್ತಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ರಾಜಧಾನಿ ಸುತ್ತಲಿನ ಜನ ಸಿಟ್ಟಿಗೆದ್ದಿದ್ದರು. ಜನವೇ ಇಲ್ಲದ ಕಾಡಿಗೆ ಕಳಿಸಿದರೆ ಕೇಳೋರು ಯಾರು ಅನ್ನೋದು ಲೆಕ್ಕ.

ಆದರೆ ಜೌಗಿನಲ್ಲಿ ಸುರಿದ ಕಸದ ರಸ ಅಲ್ಲೇ ನಿಲ್ಲಲ್ಲ. ಅದು ವಿಚೆಗ್ಡಾಕ್ಕೆ, ಅಲ್ಲಿಂದ ದ್ವಿನಾಕ್ಕೆ ಇಳಿದೀತು ಅನ್ನೋ ಭಯಕ್ಕೆ ಇಡೀ ಒಬ್ಲಾಸ್ಟ್ ಎದ್ದು ನಿಲ್ತು. ಕೋಮಿ ಕಡೆಯವರಿಗೆ ಇನ್ನೊಂದು ಸಂಕಟ: ಅವರ ಮದ್ಮಾಸ್ ಅನ್ನೋ ಹಳ್ಳಿ ಶಿಯೆಸ್‌ಗೆ ತೀರಾ ಹತ್ತಿರ, ಆದರೆ ಯೋಜನೆ ಗಡಿಯಾಚೆ. ವಾಸನೆ ಇವರಿಗೆ, ಅನುಮತಿಯ ಕಡತ ಬೇರೆ ಸರ್ಕಾರದ ಮೇಜಿನ ಮೇಲೆ.

ಈಗ ಆಡಳಿತದ ವಿಷಯ. ರಷ್ಯಾ ಒಕ್ಕೂಟದಲ್ಲಿ ಒಬ್ಲಾಸ್ಟ್ ಅಂದ್ರೆ ಸ್ಥೂಲವಾಗಿ ನಮ್ಮ ರಾಜ್ಯ ಇದ್ದ ಹಾಗೆ, ಅದಕ್ಕೊಬ್ಬ ಗವರ್ನರ್. ಅದರ ಕೆಳಗೆ ರಯೋನ್. 2003ರಲ್ಲಿ ಬಂದ 131ನೇ ಕಾನೂನಿನ ಪ್ರಕಾರ ರಯೋನ್‌ನ ಕೆಳಗೂ ಒಂದು ಮಟ್ಟ ಉಂಟು: ಪೊಸೆಲೆನಿಯೆ. ಒಂದು ಊರು ಅಥವಾ ಹಲವು ಹಳ್ಳಿ ಸೇರಿದ ಪಂಚಾಯ್ತಿ ಅನ್ನಬಹುದು. ಅದಕ್ಕೆ ತನ್ನದೇ ಚುನಾಯಿತ ಸಭೆ, ತನ್ನದೇ ಬಜೆಟ್. 1993ರ ಸಂವಿಧಾನದ 12ನೇ ವಿಧಿ ಸ್ಥಳೀಯ ಸಂಸ್ಥೆಗಳು ಸರ್ಕಾರದ ಅಂಗಗಳ ವ್ಯವಸ್ಥೆಗೆ ಸೇರಿದವಲ್ಲ ಅಂತ ಸ್ಪಷ್ಟವಾಗಿ ಹೇಳುತ್ತೆ. ಕಾಗದದ ಮೇಲೆ ಎಷ್ಟು ಸೊಗಸಾಗಿದೆ ನೋಡಿ! ದುಡ್ಡಿನ ವಿಷಯಕ್ಕೆ ಬಂದರೆ ಪೊಸೆಲೆನಿಯೆಗೆ ಸಿಗೋದು ಭೂ ತೆರಿಗೆ, ಮನೆ ತೆರಿಗೆ, ಆದಾಯ ತೆರಿಗೆಯಲ್ಲಿ ಒಂದು ಚೂರು. ದೊಡ್ಡ ಪಾಲು ಒಬ್ಲಾಸ್ಟ್‌ಗೆ ಹೋಗುತ್ತೆ. ಆಮೇಲೆ ಅನುದಾನಕ್ಕೆ ಅಲ್ಲಿಗೇ ಕೈಚಾಚಬೇಕು.

ತಲೆ ಮೇಲಿನ ಹಿಡಿತವೂ ಬಿಗಿಯಾಗ್ತಾ ಬಂತು. 2015ರಿಂದ ಸ್ಥಳೀಯ ಮುಖ್ಯಸ್ಥರನ್ನು ಜನರ ನೇರ ಮತದ ಬದಲು 'ಸ್ಪರ್ಧಾ ಆಯೋಗ'ದ ಮೂಲಕ ಆರಿಸೋಕೆ ದಾರಿ ಮಾಡಿದರು. ರಯೋನ್ ಮುಖ್ಯಸ್ಥರ ಆಯೋಗದಲ್ಲಿ ಅರ್ಧ ಸದಸ್ಯರನ್ನು ನೇಮಿಸೋದು ಗವರ್ನರ್. ಆಯೋಗ ಪಾಸು ಮಾಡಿದವರ ಪೈಕಿ ಒಬ್ಬರನ್ನು ಸಭೆ ಆರಿಸಬೇಕು. ಗವರ್ನರ್‌ಗೆ ಬೇಡವಾದವರು ಅಲ್ಲೀತನಕ ಬರೋದೇ ಕಷ್ಟ.

ಇಂಥ ವ್ಯವಸ್ಥೆಯಲ್ಲಿ ಶಿಯೆಸ್ ಜನ ಗೆದ್ದದ್ದು ಹೇಗೆ? ಮುಖ್ಯವಾಗಿ ಪಟ್ಟು ಹಿಡಿದು ಕೂತು. ಮೈ ಕೊರೆಯುವ ಉತ್ತರದ ಚಳಿಗಾಲದಲ್ಲೂ ಕಾಡಿನಲ್ಲಿ ಶಿಬಿರ ಹಾಕಿ ಸರದಿ ಮೇಲೆ ಕಾವಲು ಕಾದರು. ಖಾಸಗಿ ಸೆಕ್ಯುರಿಟಿಯವರ ಜೊತೆ ಜಟಾಪಟಿ, ದಂಡ, ಬಂಧನ ಎಲ್ಲ ಆಯ್ತು. 2019ರ ಏಪ್ರಿಲ್‌ನಲ್ಲಿ ಅರ್ಖಾಂಗೆಲ್ಸ್ಕ್ ಬೀದಿಗಳಲ್ಲಿ ಸಾವಿರಾರು ಜನ ಸೇರಿದರು. ಅದೇ ತಿಂಗಳು ಗವರ್ನರ್ ಇಗೊರ್ ಒರ್ಲೋವ್ ವಿರೋಧಿಗಳನ್ನು 'ಶೆಲುಪೊನ್' ಅಂದುಬಿಟ್ಟರು; ಚಿಲ್ಲರೆ ಮಂದಿ, ಕೆಲಸಕ್ಕೆ ಬಾರದವರು ಅನ್ನೋ ಅರ್ಥದ ಬೈಗುಳ. ಜನ ಆ ಮಾತನ್ನು ಮರೀಲಿಲ್ಲ.

ಇದರ ಜೊತೆಗೇ ನಡೆದ ಇನ್ನೊಂದು ಕೆಲಸಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ. ನನ್ನ ಪ್ರಕಾರ ಈ ಕತೆಯಲ್ಲಿ ಅತಿ ಮುಖ್ಯವಾದದ್ದು ಅದೇ. ಶಿಯೆಸ್ ಉರ್ದೊಮಾ ಪೊಸೆಲೆನಿಯೆಯ ವ್ಯಾಪ್ತಿಗೆ ಬರುತ್ತಿತ್ತು. ಶಿಯೆಸ್‌ನಲ್ಲಿ ಕಂಪನಿ ಎಬ್ಬಿಸಿದ ಕಟ್ಟಡಗಳು ಅನಧಿಕೃತ ಅಂತ ಉರ್ದೊಮಾ ಆಡಳಿತವೇ ದಾವೆ ಹೂಡಿತು. 2020ರ ಜನವರಿಯಲ್ಲಿ ಒಬ್ಲಾಸ್ಟ್‌ನ ವಾಣಿಜ್ಯ ವ್ಯಾಜ್ಯಗಳ ನ್ಯಾಯಾಲಯ ಉರ್ದೊಮಾ ಪರ ತೀರ್ಪು ಕೊಟ್ಟು, ಅವನ್ನು ಕೆಡವಿ ಅಂತ ಆದೇಶಿಸಿತು. ನಾಲ್ಕು ಸಾವಿರ ಜನರ ಊರಿನ ಕಚೇರಿ ಒಂದು ಕಡೆ, ಗವರ್ನರ್ ಬೆಂಬಲದ, ರಾಜಧಾನಿಯ ಕಸದ ಯೋಜನೆ ಇನ್ನೊಂದು ಕಡೆ! ಏಪ್ರಿಲ್‌ನಲ್ಲಿ ಒರ್ಲೋವ್ ರಾಜೀನಾಮೆ ಕೊಟ್ಟರು. ಜೂನ್‌ನಲ್ಲಿ ಒಬ್ಲಾಸ್ಟ್ ಸರ್ಕಾರ ಕಂಪನಿ ಜೊತೆಗಿನ ಒಪ್ಪಂದ ರದ್ದು ಮಾಡಿತು. ಬೀದಿಯ ಒತ್ತಡ ಇಲ್ಲದೆ ಇದ್ದಿದ್ದರೆ ಆ ತೀರ್ಪು ಬರ್ತಿರಲಿಲ್ಲ ಅನ್ನುವವರ ಮಾತನ್ನು ನಾನೂ ಒಪ್ತೀನಿ. ಆದರೆ ದಾವೆ ಹೂಡೋಕೆ ಕಾನೂನಿನಲ್ಲಿ ಹಕ್ಕಿರೋ ಒಂದು ಸಂಸ್ಥೆ ಊರಿನಲ್ಲೇ ಇತ್ತು ಅನ್ನೋದನ್ನ ಮರೆಯೋ ಹಾಗಿಲ್ಲ.

ಮರುತಿಂಗಳು, 2020ರ ಜುಲೈನಲ್ಲಿ, ಸಂವಿಧಾನದ ತಿದ್ದುಪಡಿಗಳು ಜಾರಿಗೆ ಬಂದವು. 12ನೇ ವಿಧಿಯನ್ನು ಮುಟ್ಟಲಿಲ್ಲ. ಬದಲಿಗೆ 132ನೇ ವಿಧಿಯಲ್ಲಿ ಸ್ಥಳೀಯ ಸಂಸ್ಥೆಗಳೂ ಸರ್ಕಾರದ ಅಂಗಗಳೂ ಸೇರಿ 'ಸಾರ್ವಜನಿಕ ಅಧಿಕಾರದ ಏಕೀಕೃತ ವ್ಯವಸ್ಥೆ' ಅಂತ ಸೇರಿಸಿದರು. ಅದಕ್ಕೂ ಮೊದಲೇ, 2019ರ ಮೇನಲ್ಲಿ, 'ಮುನ್ಸಿಪಲ್ ಒಕ್ರುಗ್' ಅನ್ನೋ ಹೊಸ ರೂಪ ಬಂದಿತ್ತು: ರಯೋನ್‌ನ ಎಲ್ಲ ಪೊಸೆಲೆನಿಯೆಗಳನ್ನು ಕರಗಿಸಿ ಒಂದೇ ಸಭೆ, ಒಂದೇ ಆಡಳಿತ, ಒಂದೇ ಬಜೆಟ್. 2025ರ ಮಾರ್ಚ್‌ನಲ್ಲಿ ಪುಟಿನ್ ಸಹಿ ಹಾಕಿದ ಹೊಸ ಕಾನೂನು ಈ ಏಕ ಮಟ್ಟವನ್ನೇ ಮುಖ್ಯ ಮಾದರಿ ಮಾಡಿತು. ತತಾರ್‌ಸ್ತಾನದಂಥ ಪ್ರದೇಶಗಳು ತಕರಾರು ಎತ್ತಿದ ಮೇಲೆ, ಬೇಕಿದ್ದವರು ಎರಡು ಮಟ್ಟ ಉಳಿಸಿಕೊಳ್ಳಬಹುದು ಅನ್ನೋ ಅವಕಾಶ ಉಳೀತು. ಅರ್ಖಾಂಗೆಲ್ಸ್ಕ್ ಒಬ್ಲಾಸ್ಟ್‌ನಲ್ಲಿ ಕಾರ್ಗೊಪೊಲ್ ಸೇರಿ ಹಲವು ರಯೋನ್‌ಗಳು ಅದಕ್ಕೂ ಮೊದಲೇ ಒಕ್ರುಗ್ ಆಗಿದ್ದವು.

ಸರ್ಕಾರದ ವಾದ ಪೂರ್ತಿ ಸುಳ್ಳಲ್ಲ. ಉತ್ತರದ ಹಳ್ಳಿಗಳು ಖಾಲಿಯಾಗ್ತಿವೆ, ಕೆಲವು ಕಡೆ ಪೊಸೆಲೆನಿಯೆ ಅಂದ್ರೆ ಒಂದು ಕೋಣೆ, ಇಬ್ಬರು ನೌಕರರು, ಖಾಲಿ ಖಜಾನೆ. ಒಟ್ಟುಗೂಡಿಸಿದರೆ ಒಬ್ಬ ಎಂಜಿನಿಯರ್, ಒಬ್ಬ ವಕೀಲರನ್ನಾದರೂ ಇಟ್ಟುಕೊಳ್ಳಬಹುದು. ಆದರೆ ಒಕ್ರುಗ್‌ನಲ್ಲಿ ಆ ವಕೀಲರು ಯಾರ ಮಾತು ಕೇಳಬೇಕು? ಕೇಂದ್ರದ ಊರಿನಲ್ಲಿ ಕೂತ ಒಬ್ಬ ಮುಖ್ಯಸ್ಥರ ಮಾತು. ಆ ಮುಖ್ಯಸ್ಥರನ್ನು ಆರಿಸೋ ಪಟ್ಟಿ ಗವರ್ನರ್ ಕೈಯಲ್ಲಿ. ಮುಂದಿನ ಸಲ ಇಂಥದ್ದೇ ಯೋಜನೆಗೆ ಗವರ್ನರ್ ಒಪ್ಪಿದರೆ, ಅದರ ವಿರುದ್ಧ ಕೋರ್ಟ್ ಮೆಟ್ಟಿಲು ಹತ್ತೋಕೆ ಉರ್ದೊಮಾದಂಥ ಊರಿಗೆ ತನ್ನದೇ ಹೆಸರಿನ ಮೊಹರು, ಸಹಿ ಇರಲ್ಲ.